ಗಡ್ಡ ನಮ್ಮದು, ಅಲಗು ಯಾರದು?

ಗಡ್ಡದ ವಿಷಯವೂ ಪತ್ರಿಕೆಗೆ ಬರೆಯತಕ್ಕ ವಿಷಯವೇ ಎಂದು ನಗುವವರು ನಗಲಿ. ಆದರೆ ನಗುವ ಮೊದಲು ತಮ್ಮ ಕೆನ್ನೆಯನ್ನೊಮ್ಮೆ ಸವರಿಕೊಂಡು, ಈ ಬೆಳಿಗ್ಗೆ ಅದನ್ನು ನುಣುಪು ಮಾಡಲು ತಮಗೆಷ್ಟು ವೆಚ್ಚವಾಯಿತು, ಆ ಹಣ ಯಾವ ದಾರಿ ಹಿಡಿದು ಯಾರ ಪೆಟ್ಟಿಗೆಯನ್ನು ಸೇರಿತು ಎಂಬೆರಡು ಪ್ರಶ್ನೆಗಳಿಗೆ ಉತ್ತರ ಹೇಳಿಬಿಡಲಿ. ಅಕ್ಕಿಯ ಬೆಲೆ, ಎಣ್ಣೆಯ ಬೆಲೆ, ಬಸ್ಸಿನ ಚೀಟಿಯ ಬೆಲೆ ಇವುಗಳನ್ನು ಕುರಿತು ಗಂಟೆಗಟ್ಟಲೆ ವಾದಿಸುವ ನಮ್ಮ ವಿದ್ಯಾವಂತರು, ದಿನವೂ ಮುಖಕ್ಕೆ ಹಚ್ಚಿ ಕೆರೆದು ತೊಳೆದು ಚೆಲ್ಲುವ ಹಣದ ವಿಷಯದಲ್ಲಿ ಮಾತ್ರ ಮೌನವ್ರತವನ್ನು ಹಿಡಿದಿದ್ದಾರೆ.

ಇತ್ತೀಚೆಗೆ ಕಾರ್ಯಾಂತರದಿಂದ ರಾಮನಗರ, ಕನಕಪುರ, ಮಾಗಡಿ, ಚನ್ನಪಟ್ಟಣಗಳನ್ನು ಸುತ್ತುವ ಪ್ರಸಂಗ ನನಗೆ ಒದಗಿತು. ನನ್ನ ಹಳೆಯ ಕುಂಚದ ಕೂದಲೆಲ್ಲ ಉದುರಿದ್ದ ಕಾರಣ ಹೋದೆಡೆಯಲ್ಲೆಲ್ಲ ಒಂದೊಂದು ಅಂಗಡಿಯನ್ನು ಹೊಕ್ಕು ಮೂರೇ ವಸ್ತುಗಳನ್ನು ಕೇಳಿದೆನು: ಎರಡಲಗಿನ ಬ್ಲೇಡು ಕೂಡುವ ಲೋಹದ ಸೇಫ್ಟಿ ರೇಜರು, ಕ್ಷೌರದ ಕುಂಚ, ಬಟ್ಟಲಿನಲ್ಲಿ ತಿಕ್ಕಿ ನೊರೆಯೆಬ್ಬಿಸುವ ಸೋಪಿನ ಬಿಲ್ಲೆ. ರಾಮನಗರದ ತರುಣ ವರ್ತಕನು ಈ ಮಾತನ್ನು ಕೇಳಿ ನಾನು ಯಾವುದೋ ನಾಟಕಕ್ಕೆ ಸಾಮಾನು ಕೂಡಿಸುತ್ತಿರುವೆನೆಂದು ಬಗೆದನು. (ಆ ಊರಿನ ಬಂಡೆಗಳನ್ನು 1975ರ ‘ಶೋಲೆ’ ಚಿತ್ರದ ಗಡ್ಡದ ದರೋಡೆಗಾರನ ದೆಸೆಯಿಂದ ಭಾರತವೆಲ್ಲ ಬಲ್ಲದು, ಆದಕಾರಣ ಅಲ್ಲಿ ಗಡ್ಡಕ್ಕೇ ಮರ್ಯಾದೆಯೋ ಏನೋ!) ಕನಕಪುರದಲ್ಲಿ ಒತ್ತಿದರೆ ನೊರೆ ಕಾರುವ ತಗಡಿನ ಡಬ್ಬಿಯನ್ನು ಮುಂದಿಟ್ಟರು. ಮಾಗಡಿಯಲ್ಲಿ ವಯಸ್ಸಾದ ಅಂಗಡಿಯವರೊಬ್ಬರು ಏಣಿ ಹತ್ತಿ, ಧೂಳು ಕೊಡವಿ, ಬ್ಲೇಡಿನ ಪೊಟ್ಟಣವೊಂದನ್ನು ಇಳಿಸಿಕೊಟ್ಟು, “ಇದನ್ನು ಈಗ ಕ್ಷೌರದಂಗಡಿಯವರಲ್ಲದೆ ಬೇರಾರೂ ಕೇಳುವುದಿಲ್ಲ, ಸ್ವಾಮಿ” ಎಂದರು. ಚನ್ನಪಟ್ಟಣದ ಕಥೆ ಇವೆಲ್ಲಕ್ಕೂ ಮಿಗಿಲು. ಅಲ್ಲಿ ಕುಂಚವೇನೋ ಸಿಕ್ಕಿತು. ಹಿಡಿ ಪ್ಲಾಸ್ಟಿಕ್ಕಿನದು, ದೂರದೇಶದಿಂದ ಬಂದುದು. ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ ಹಿಂದಣ ಓಣಿಯಿಂದ ಮರ ಕಡೆಯುವ ಲೇತಿನ ಶಬ್ದ ಕೇಳಿಸುತ್ತಿತ್ತು!

ಈ ನಾಲ್ಕು ತಾಲ್ಲೂಕುಗಳು ಕೂಡಿ 2007ರಲ್ಲಿ ಒಂದು ಜಿಲ್ಲೆಯಾಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡುವ ತೀರ್ಮಾನವಾದಾಗ ಪರವಾಗಿಯೂ ವಿರೋಧವಾಗಿಯೂ ಎಷ್ಟೊಂದು ಘೋಷಣೆ, ಎಷ್ಟೊಂದು ಭಾಷಣ! ಊರಿನ ಹೆಸರು ಮುಖ್ಯವೇ, ಅಲ್ಲವೆನ್ನುವುದಿಲ್ಲ. ಆದರೆ ಆ ಊರಿನಲ್ಲಿ ಏನು ತಯಾರಾಗುತ್ತದೆ, ಆ ಊರಿನವರು ಏನನ್ನು ಕೊಳ್ಳುತ್ತಾರೆ ಎಂಬುದಕ್ಕೆ ಯಾವ ಚೌಕದಲ್ಲಿ ಯಾರು ಸಭೆ ಸೇರಿಸಿದರು?

ಪರದೇಶದ್ದೆಲ್ಲ ಕೆಟ್ಟದ್ದೆಂದು ಸಾರುವುದು ನನ್ನ ಉದ್ದೇಶವಲ್ಲ. ಸೇಫ್ಟಿ ರೇಜರಿನ ಜನ್ಮಭೂಮಿಯೇ ಅಮೆರಿಕೆ. ಕಿಂಗ್ ಜಿಲೆಟ್ ಎಂಬಾತನು 1903ರಲ್ಲಿ ಅದನ್ನು ಮಾರತೊಡಗಿದಾಗ ಮೊದಲ ವರ್ಷ ಹೋದದ್ದು 51 ರೇಜರು, 168 ಬ್ಲೇಡು. ಮರುವರ್ಷವೇ ರೇಜರುಗಳ ಲೆಕ್ಕ ತೊಂಬತ್ತು ಸಾವಿರವನ್ನು ದಾಟಿತು. ಆ ವರ್ಷವೇ ಅವನಿಗೆ ಪೇಟೆಂಟಿನ ಹಕ್ಕೂ ದೊರೆಯಿತು. ಈ ಹಕ್ಕು 1921ರಲ್ಲಿ ತೀರಿತಷ್ಟೆ. ಅಲ್ಲಿಂದ ಮುಂದೆ ಮೂರು ರಂಧ್ರದ ಆ ಎರಡಲಗಿನ ಬ್ಲೇಡನ್ನು ಯಾರು ಬೇಕಾದರೂ ಮಾಡಬಹುದಾಯಿತು. ನಮ್ಮ ದೇಶದಲ್ಲಿಯೇ ಕಲ್ಕತ್ತೆಯ ಮನೆತನವೊಂದು ಟೋಪಾಜ್ ಮುಂತಾದ ಬ್ಲೇಡುಗಳನ್ನು ಮಾಡಿ ಮನೆಮನೆಗೆ ಮುಟ್ಟಿಸಿತು. ಅಜ್ಜನ ಕಾಲದ ರೇಜರಿಗೆ ಈ ಬೆಳಿಗ್ಗೆ ಕೊಂಡ ಬ್ಲೇಡು ಕೂಡುತ್ತದೆ. ಜರ್ಮನಿಯ ಹಿಡಿಗೆ ಬಂಗಾಳದ ಅಲಗು ಕೂಡುತ್ತದೆ. ಒಬ್ಬನು ಬೆಲೆಯೇರಿಸಿದರೆ ಇನ್ನೊಬ್ಬನಲ್ಲಿಗೆ ಹೋಗುವ ಸ್ವಾತಂತ್ರ್ಯ ಕೊಳ್ಳುವವನಿಗಿದೆ. ಅಲಗಿಗೆ ಬಂದ ಸ್ವರಾಜ್ಯವೆಂದರೆ ಇದೇ.

ವ್ಯಾಪಾರಿಗಳಿಗೆ ಈ ಸ್ವರಾಜ್ಯ ಹಿಡಿಸುವುದುಂಟೇ? 1971ರಲ್ಲಿ ಎರಡು ಅಲಗುಗಳನ್ನು ಪ್ಲಾಸ್ಟಿಕ್ಕಿನ ಗೂಡಿನಲ್ಲಿ ಬಂಧಿಸಿದ ಕಾರ್ಟ್ರಿಡ್ಜು ಹೊರಟಿತು. 1998ಕ್ಕೆ ಅಲಗು ಮೂರಾಯಿತು, 2006ಕ್ಕೆ ಐದಾಯಿತು. ಹೊಸ ರೂಪ ಬಂದಾಗಲೆಲ್ಲ ಹೊಸ ಪೇಟೆಂಟು, ಹೊಸ ಬೆಲೆ. ಒಬ್ಬನ ಗೂಡು ಇನ್ನೊಬ್ಬನ ಹಿಡಿಗೆ ಕೂಡದು. ಎಷ್ಟೋ ವೇಳೆ ಅವನದೇ ಹಳೆಯ ಹಿಡಿಗೂ ಕೂಡದು. ಇದನ್ನು ಹರಿತದ ಇತಿಹಾಸವೆಂದು ಜಾಹೀರಾತುಗಳು ಬಣ್ಣಿಸುತ್ತವೆ. ಮಹಾಶಯರೇ, ಇದು ಬೀಗದ ಇತಿಹಾಸ.

ಪಾಠಶಾಲೆಯ ಮೇಷ್ಟರುಗಳು ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿ ನೋಡಲಿ. ಮೂರೋ ಐದೋ ಅಲಗಿನ ಒಂದು ಗೂಡಿನ ಬೆಲೆ ನೂರು ರೂಪಾಯಿಯನ್ನು ಮೀರುವುದುಂಟು. ತಿಂಗಳಿಗೆ ಎರಡರಂತೆ ಹಿಡಿದು, ನೂರಕ್ಕೇ ನಿಲ್ಲಿಸಿದರೂ ವರ್ಷಕ್ಕೆ 2,400 ರೂಪಾಯಿ. ಎರಡಲಗಿನ ಬ್ಲೇಡು ವಾರಕ್ಕೊಂದರಂತೆ, ಒಂದಕ್ಕೆ ಐದು ರೂಪಾಯಿಯಂತೆ, ವರ್ಷಕ್ಕೆ 260 ರೂಪಾಯಿ. ಅಂತರ 2,140. ತಂದೆಯೂ ಪ್ರಾಯದ ಮಕ್ಕಳಿಬ್ಬರೂ ಇರುವ ಮನೆಯಲ್ಲಿ ಇದೇ 6,420 ಆಗುತ್ತದೆ. ಗ್ರಂಥಾಲಯಕ್ಕೆ ನೂರು ರೂಪಾಯಿ ವಂತಿಗೆ ಕೇಳಿದರೆ ತಿಂಗಳ ಕೊನೆಯನ್ನು ತೋರಿಸುವ ಕೈಗಳೇ ಈ ಹಣವನ್ನು ಪ್ಲಾಸ್ಟಿಕ್ಕಿನ ಗೂಡಿಗೆ ಸುರಿಯುತ್ತವೆ.

“ಅನುಕೂಲವಿದೆ, ಸಮಯ ಉಳಿಯುತ್ತದೆ” ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಈ ಅನುಕೂಲವನ್ನು ಸ್ವಲ್ಪ ಪರೀಕ್ಷಿಸೋಣ. ಗೂಡಿನೊಳಗಿನ ಮೊದಲ ಅಲಗು ಕೂದಲನ್ನು ಸೆಳೆಯುತ್ತದೆ. ಅದು ಹಿಂದಕ್ಕೆ ಸರಿಯುವಷ್ಟರಲ್ಲಿ ಎರಡನೆಯದು ಬುಡದಲ್ಲಿ ಕತ್ತರಿಸುತ್ತದೆ. ಕತ್ತರಿಸಿದ ತುದಿ ಚರ್ಮದ ಮಟ್ಟಕ್ಕಿಂತ ಕೆಳಗಿಳಿಯುವುದುಂಟು. ಗುಂಗುರು ಗಡ್ಡದವರಲ್ಲಿ ಅದು ನೆಟ್ಟಗೆ ಮೇಲಕ್ಕೆ ಬಾರದೆ ಒಳಗೊಳಗೇ ಬೆಳೆದು, ಕತ್ತಿನಲ್ಲಿ ಕೆಂಪು ಗುಳ್ಳೆಗಳಾಗುತ್ತವೆ. ಆ ಗುಳ್ಳೆಗೆ ಮತ್ತೊಂದು ಮುಲಾಮು, ಅದಕ್ಕೆ ಮತ್ತೊಂದು ಬೆಲೆ. ಒಂದೇ ಅಲಗಿನಲ್ಲಿ ಈ ಉಪದ್ರವ ಕಡಿಮೆ.

ಇನ್ನು ಕೊಯ್ದುಕೊಳ್ಳುವ ಭಯ. ಸೇಫ್ಟಿ ರೇಜರಿನಿಂದ ಕೊಯ್ದುಕೊಳ್ಳುವವನು ಅದನ್ನು ಕಾರ್ಟ್ರಿಡ್ಜಿನಂತೆ ಒತ್ತುವವನೇ. ಲೋಹದ ಹಿಡಿಯ ಭಾರವೇ ಸಾಕು, ಕೈ ಒತ್ತಕೂಡದು. ಅಲಗನ್ನು ಕೆನ್ನೆಗೆ ಸುಮಾರು 30 ಅಂಶದ ಓರೆಯಲ್ಲಿಟ್ಟು, ಕೂದಲು ಮಲಗಿದ ಕಡೆಗೇ ಸಣ್ಣ ಸಣ್ಣ ಎಳೆತಗಳಲ್ಲಿ ಇಳಿಸಬೇಕು. ಅದಕ್ಕೂ ಮೊದಲು ಎರಡು ಮೂರು ನಿಮಿಷ ಗಡ್ಡವು ಬಿಸಿನೀರಿನಲ್ಲಿ ನೆನೆಯಬೇಕು. ಕೂದಲು ನೀರನ್ನು ಕುಡಿದು ಮೆತ್ತಗಾದ ಮೇಲೆ ಅಲಗಿಗೆ ಬೀಳುವ ಶ್ರಮ ಬಹಳ ಕಡಿಮೆ. ನೊರೆಯ ಕೆಲಸವೂ ಮುಖ್ಯವಾಗಿ ಇದೇ. ನೀರನ್ನು ಕೂದಲಿನ ಬುಡದಲ್ಲಿ ಹಿಡಿದಿಡುವುದು, ಅಲಗು ಜಾರುವಂತೆ ಮಾಡುವುದು. ಸ್ನಾನದ ಸೋಪಿನ ನೊರೆ ಬೇಗ ಎದ್ದು ಬೇಗ ಸಾಯುತ್ತದೆ. ಕ್ಷೌರದ ಸೋಪಿಗೆ ಸ್ಟಿಯರಿಕ್ ಆಮ್ಲವನ್ನು ಹೆಚ್ಚಾಗಿ ಹಾಕಿ, ಸೋಡಿಯಂ ಕ್ಷಾರದ ಜೊತೆಗೆ ಪೊಟ್ಯಾಸಿಯಂ ಕ್ಷಾರವನ್ನೂ ಬೆರೆಸಿ ಕುದಿಸಿರುತ್ತಾರೆ; ಆದುದರಿಂದಲೇ ಅದರ ನೊರೆ ಬೆಣ್ಣೆಯಂತೆ ದಟ್ಟವಾಗಿ, ಮುಖದ ಮೇಲೆ ಒಣಗದೆ ನಿಲ್ಲುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಮಾತ್ರ ಎಂಥ ಸೋಪೂ ಸೋಲುತ್ತದೆ: ನೀರಿನ ಸುಣ್ಣದಂಶವು ಸೋಪನ್ನು ಒಡೆದ ಹಾಲಿನಂತೆ ಮಾಡಿಬಿಡುತ್ತದೆ. ಸೋಪನ್ನು ಬಯ್ಯುವುದಕ್ಕೆ ಮೊದಲು ಕಾಯಿಸಿ ಆರಿಸಿದ ನೀರಿನಲ್ಲಾಗಲಿ ಹಿಡಿದಿಟ್ಟ ಮಳೆನೀರಿನಲ್ಲಾಗಲಿ ಒಮ್ಮೆ ಕುಂಚವನ್ನು ತಿರುವಿ ನೋಡಿರಿ. ಇಷ್ಟಕ್ಕೆಲ್ಲ ಹಿಡಿಯುವ ಹೆಚ್ಚಿನ ಕಾಲ ಐದು ನಿಮಿಷ. ಬೆಳಗಾದರೆ ಕೈಯಲ್ಲಿ ಮೊಬೈಲು ಹಿಡಿದು ಅರ್ಧ ಗಂಟೆ ಕೂಡುವವರು ಈ ಐದು ನಿಮಿಷದ ಬಡತನವನ್ನು ನನ್ನೆದುರು ಹೇಳಬಾರದು.

ಕ್ಷೌರಿಕ ಬಂಧುಗಳ ವಿಷಯದಲ್ಲಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವರು ಮಡಿಸುವ ಕತ್ತಿಯಲ್ಲಿ ಸಿಕ್ಕಿಸುವುದು ಈ ಎರಡಲಗಿನ ಬ್ಲೇಡಿನ ಅರ್ಧವನ್ನೇ. ಗಿರಾಕಿಯ ಕಣ್ಣೆದುರಿಗೆ ಪೊಟ್ಟಣ ಬಿಡಿಸಿ, ಬ್ಲೇಡನ್ನು ನಡುವೆ ಮುರಿದು, ಹೊಸ ಅಲಗನ್ನೇ ಹೂಡುವ ಪದ್ಧತಿ ಒಳ್ಳೆಯ ಅಂಗಡಿಗಳಲ್ಲೆಲ್ಲ ಇದೆ. ರಕ್ತದಿಂದ ಹರಡುವ ರೋಗಗಳ ಈ ಕಾಲದಲ್ಲಿ ಅದು ಎಲ್ಲ ಕಡೆಯೂ ಇರತಕ್ಕದ್ದು. ನಮ್ಮಲ್ಲಿ ಯಾವ ಜನರ ಕಸುಬಿನ ಹೆಸರನ್ನೇ ಬೈಗುಳವಾಗಿ ಮಾಡಿಕೊಂಡೆವೋ, ಆ ಜನರೇ ಇಂದಿಗೂ ಸ್ವತಂತ್ರವಾದ ಅಲಗಿನ ಆಶ್ರಯದಾತರಾಗಿ ಉಳಿದಿದ್ದಾರೆ. ಮಂಗಳವಾರ ಅವರ ಅಂಗಡಿಗೆ ರಜ. ಅಂದು ಮಾತ್ರ ನಮ್ಮ ಗೃಹಸ್ಥರು ಕನ್ನಡಿಯೆದುರು ಪ್ಲಾಸ್ಟಿಕ್ಕಿನ ದಾಸರು!

ನನ್ನ ಪಕ್ಷದಲ್ಲಿಯೂ ದೋಷವಿಲ್ಲದಿಲ್ಲ. ಸವೆದ ಬ್ಲೇಡನ್ನು ಕಸದ ಬುಟ್ಟಿಗೆ ಹಾಗೆಯೇ ಎಸೆದರೆ ಅದು ಪೌರಕಾರ್ಮಿಕರ ಬೆರಳನ್ನು ಸೀಳುತ್ತದೆ; ಹಾಗೆ ಎಸೆಯುವವನು ಎಷ್ಟು ಓದಿದ್ದರೂ ಅವಿವೇಕಿಯೇ. ಮುಚ್ಚಳವಿರುವ ತಗಡಿನ ಡಬ್ಬಿಗೆ ಸಣ್ಣ ಸೀಳು ಕೊರೆದು ಒಂದೊಂದಾಗಿ ಹಾಕುತ್ತ ಬಂದರೆ ಅದು ತುಂಬುವುದಕ್ಕೆ ವರ್ಷಗಳೇ ಬೇಕು. ತುಂಬಿದ ಮೇಲೆ ಸೀಳನ್ನು ಮುಚ್ಚಿ, ಒಳಗಿರುವುದು ಬ್ಲೇಡೆಂದು ಹೇಳಿ ಬೇರೆಯಾಗಿ ಒಪ್ಪಿಸಿರಿ. ಪ್ಲಾಸ್ಟಿಕ್ಕಿನೊಳಗೆ ಹೂತ ಐದು ಅಲಗುಗಳನ್ನು ಬೇರ್ಪಡಿಸಿ ಮತ್ತೆ ಕರಗಿಸುವುದಾದರೋ ಹೆಚ್ಚಿನ ತೊಡಕಿನ ಕೆಲಸ.

ಇಷ್ಟಾಗಿ, ಈ ಸೀಮೆಗೂ ಉಕ್ಕಿಗೂ ಏನು ಸಂಬಂಧವೆಂದು ಕೇಳುವವರು 1800ನೆಯ ಇಸವಿಯನ್ನು ನೆನೆಯಬೇಕು. ಆ ವರ್ಷ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ಆಂಗ್ಲ ಸರ್ಕಾರದ ವೈದ್ಯನು, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿ ತಯಾರಾಗುತ್ತಿದ್ದುದನ್ನೂ, ಮಾಗಡಿ ಸೀಮೆಯ ಘಟ್ಟಿಪುರದಲ್ಲಿ ಕಬ್ಬಿಣ ಕರಗಿಸುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಜಿಲೆಟನ ರೇಜರಿಗೆ ನೂರು ವರ್ಷ ಮೊದಲೇ ಉಕ್ಕನ್ನು ನೂಲಿನಂತೆ ಎಳೆದ ಕೈಗಳು ನಮ್ಮ ಓಣಿಗಳಲ್ಲಿದ್ದವು! ಆ ಕುಲುಮೆಗಳು ಆರಿದವು. 1923ರಲ್ಲಿ ಭದ್ರಾವತಿಯಲ್ಲಿ ದೊಡ್ಡ ಕುಲುಮೆ ಹೊತ್ತಿತು. ಬಿಡದಿಯಲ್ಲಿ ಈಗ ಮೋಟಾರು ಕಾರುಗಳೇ ತಯಾರಾಗಿ ಹೊರಡುತ್ತಿವೆ. ಬ್ಲೇಡಿನ ಉಕ್ಕು ಸಾಮಾನ್ಯದ್ದಲ್ಲವೆಂಬುದನ್ನು ಬಲ್ಲೆ: ನೂರಕ್ಕೆ ಸುಮಾರು 13 ಪಾಲು ಕ್ರೋಮಿಯಂ ಬೆರೆಸಿ, ಮಿಲಿಮೀಟರಿನ ಹತ್ತನೆಯ ಒಂದಂಶದಷ್ಟು ತೆಳ್ಳಗೆ ಎಳೆದು, ಕಾಯಿಸಿ ತಣಿಸಿ ಗಡಸು ಮಾಡಿದ ಪಟ್ಟಿ ಅದು. ನಾಳೆಯೇ ಮಾಗಡಿಯಲ್ಲಿ ಮಾಡಿರೆಂದು ನಾನು ಹೇಳುವುದಿಲ್ಲ. ಬ್ಲೇಡು ಬಂಗಾಳದಿಂದ ಬರಲಿ, ಅವರೂ ನಮ್ಮವರೇ.

ಸೋಪಿನ ಮಾತು ಬೇರೆ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಗೆ ಗಂಧದ ಮರ ಹೋಗುವುದು ನಿಂತಾಗ ಮೈಸೂರು ಸಂಸ್ಥಾನವು ಕೈಕಟ್ಟಿ ಕೂಡಲಿಲ್ಲ. 1916ರಲ್ಲಿ ಗಂಧದೆಣ್ಣೆಯನ್ನು ಇಲ್ಲಿಯೇ ಬಟ್ಟಿಯಿಳಿಸತೊಡಗಿತು, ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿ ಸೋಪಿನ ವಿದ್ಯೆಯನ್ನು ತರಿಸಿತು. 1918ರಲ್ಲಿ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಿಂದ ಶರಭದ ಗುರುತಿನ ಗಂಧದ ಸೋಪು ಹೊರಟಿತು. ಅದು ಇಂದಿಗೂ ಬದುಕಿದೆ, ಲಾಭದಲ್ಲಿದೆ, ಸರ್ಕಾರದ ಕೈಯಲ್ಲಿಯೇ ಇದೆ. ಇಂಥ ವಿದ್ಯೆಯುಳ್ಳ ನಾಡಿಗೆ ಕ್ಷೌರದ ಬಿಲ್ಲೆಯೊಂದು ಅಸಾಧ್ಯದ ವಸ್ತುವಲ್ಲ. ಬಟ್ಟಲಿನಲ್ಲಿ ಗಂಧದ ನೊರೆಯೆಬ್ಬಿಸುವ ಬಿಲ್ಲೆಯನ್ನು ಕೊಡಿರೆಂದು ನಾವು ಕೇಳಬೇಕು. ಪ್ರತಿ ಊರಿನ ಅಂಗಡಿಯಲ್ಲಿಯೂ ಇಡಿಸಬೇಕು. ಪೊಟ್ಟಣದ ಮೇಲೆ ಕನ್ನಡದ ಅಕ್ಷರ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿರಬೇಕು. 1956ರಲ್ಲಿ ನಾಡು ಒಂದಾದಾಗ ಬೀದರಿನಿಂದ ಕೊಳ್ಳೇಗಾಲದವರೆಗೆ ಒಂದೇ ಸಂತೆಯೂ ಆಯಿತಷ್ಟೆ. ಆ ಸಂತೆಯಲ್ಲಿ ಕೊಳ್ಳುವವರು ಮಾತ್ರ ನಾವೇ, ಮಾರುವವರು ಎಲ್ಲಿಯವರೋ!

ಕುಂಚದ ಹಿಡಿಯಂತೂ ಚನ್ನಪಟ್ಟಣದ ಕೈಗೆ ಆಟದ ಕೆಲಸ. ಹಾಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿ ಬಣ್ಣ ಹತ್ತಿಸಿ, ಕೇದಗೆಯ ಎಲೆಯಿಂದ ಹೊಳಪು ಕೊಡುವ ಆ ವಿದ್ಯೆ ಭೌಗೋಳಿಕ ಗುರುತಿನ ರಕ್ಷಣೆಯನ್ನೂ ಪಡೆದಿದೆ. ಪ್ಲಾಸ್ಟಿಕ್ಕಿನ ಬೊಂಬೆಗಳು ಪೇಟೆಗೆ ನುಗ್ಗಿದ ಮೇಲೆ ಅನೇಕ ಲೇತುಗಳು ನಿಂತವು. ಬೊಂಬೆ ಬೇಡುವ ಮಕ್ಕಳು ಕೆಲವು ವರ್ಷ ಮಾತ್ರ ಬೇಡುತ್ತಾರೆ. ಗಡ್ಡವಾದರೋ ಆಯುಷ್ಯ ಮುಗಿಯುವವರೆಗೆ ಬೆಳೆಯುತ್ತದೆ.

ಹೀಗೆಂದು ನಾನು ಆ ಹಿಂದಣ ಓಣಿಗೆ ಹೋಗಿ, ಲೇತಿನ ಮುಂದೆ ಕುಳಿತಿದ್ದ ಹಿರಿಯರೊಬ್ಬರಿಗೆ ಪ್ಲಾಸ್ಟಿಕ್ಕಿನ ಕುಂಚವನ್ನು ತೋರಿಸಿದೆನು. ಅವರು ಅದನ್ನು ತಿರುಗಿಸಿ ನೋಡಿ, ನನಗೆ ಹೊಳೆಯದಿದ್ದ ತೊಡಕೊಂದನ್ನು ಹೇಳಿದರು. ಅರಗು ಬಿಸಿನೀರಿಗೆ ಮೆತ್ತಗಾಗುತ್ತದೆ, ಸೋಪಿನ ಕ್ಷಾರಕ್ಕೆ ಬಿಳಿಚಿಕೊಳ್ಳುತ್ತದೆ. ಬಟ್ಟಲಿಗೆ ಅರಗು ಖಂಡಿತ ಆಗದು. ಹಿಡಿಗಾದರೆ ನೀರು ತಾಗುವ ಕೊರಳಿನ ಭಾಗವನ್ನು ಹಿತ್ತಾಳೆಯ ಬಳೆಯಿಂದ ಮುಚ್ಚಿ, ಅರಗನ್ನು ಅದರ ಕೆಳಗೆ ಮಾತ್ರ ಕೊಡಬಹುದು. “ಕೂದಲು ಯಾವುದು ಹಾಕುತ್ತೀರಿ?” ಎಂದು ಅವರೇ ಕೇಳಿದರು. ಹಂದಿಯ ಕೂದಲೆಂದರೆ ನಮ್ಮ ಮಡಿವಂತ ವಾಚಕರು ಪತ್ರಿಕೆಯನ್ನೇ ಬಿಸುಟಾರು. ನೈಲಾನಿನ ಎಳೆಯೇ ಆಗಲೆಂದೆನು. ಹನ್ನೆರಡು ಹಿಡಿಗಳಿಗೆ ಮುಂಗಡ ಕೊಟ್ಟು ಬಂದಿದ್ದೇನೆ. ನೂರಕ್ಕೆ ಕಡಿಮೆಯಾದರೆ ಲೇತಿಗೆ ಕರೆಂಟಿನ ದುಡ್ಡೂ ಹುಟ್ಟದೆಂದು ಅವರು ಹೇಳಿದ್ದಾರೆ. ಉಳಿದ ಎಂಬತ್ತೆಂಟನ್ನು ಕೊಳ್ಳತಕ್ಕವರು ಯಾರು?