ತಂದೆಯ ರುಜು, ಮಗುವಿನ ಪ್ರಾಣ

ಮಕ್ಕಳ ಮೇಲೆ ತಂದೆತಾಯಿಗಳಿಗಿರುವ ಅಧಿಕಾರವನ್ನು ನಮ್ಮ ಸಮಾಜದಲ್ಲಿ ಪ್ರಶ್ನಿಸುವವರು ವಿರಳ. ಹೆತ್ತು, ಹೊತ್ತು, ತಾವು ಹಸಿದಿದ್ದು ಉಣಿಸಿದವರಿಗಿಂತ ಮಿಗಿಲಾದ ಹಿತಚಿಂತಕರು ಮಗುವಿಗೆ ಇನ್ನಾರಿದ್ದಾರು ಎಂಬ ನಂಬುಗೆ ನಮ್ಮಲ್ಲಿ ಬೇರೂರಿದೆ. ಬಹುಪಾಲು ಮನೆಗಳಲ್ಲಿ ಆ ನಂಬುಗೆ ಸುಳ್ಳೂ ಅಲ್ಲ. ಆದರೆ ಮಗುವಿನ ಪ್ರಾಣಕ್ಕೇ ಅಪಾಯ ಬಂದೊದಗಿ, ಹೆತ್ತವರ ಪ್ರೀತಿಯೇ ದಾರಿ ತಪ್ಪಿದಲ್ಲಿ, ಮಗುವಿನ ಪರವಾಗಿ ಮಾತನಾಡುವವರು ಯಾರು? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. ಹನ್ನೆರಡು ವರ್ಷಗಳ ಹಿಂದೆ ನಾನೇ ಒಂದು ಕಾಗದಕ್ಕೆ ಹಾಕಿದ ಸಾಕ್ಷಿಯ ರುಜುವಿನಿಂದ ಬಂದುದು.

ಆಗ ನಾನು ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದೆ. ಪತ್ರಿಕೆಯ ಕೆಲಸಕ್ಕೆ ಇನ್ನೂ ಕೈಹಚ್ಚಿರಲಿಲ್ಲ. ನಮ್ಮಲ್ಲಿ ದೋಸೆಕಾವಲಿಯ ಮುಂದೆ ನಿಲ್ಲುತ್ತಿದ್ದ ಅಡಿಗೆಯವರು ಕುಂದಾಪುರದ ಕಡೆಯವರು. ಹೆಂಡತಿಯನ್ನೂ ಮೂರು ವರ್ಷದ ಗಂಡುಮಗುವನ್ನೂ ಊರಿನಿಂದ ಕರೆತಂದು ಚಾಳೊಂದರಲ್ಲಿ ಬಿಡಾರ ಹೂಡಿ ಕೆಲವೇ ತಿಂಗಳುಗಳಾಗಿದ್ದವು. ಒಂದು ದಿನ ಮಗುವಿಗೆ ಜ್ವರ ಬಂತು. ಮರುದಿನ ವಾಂತಿ. ಮೂರನೆಯ ದಿನ ಕೈಕಾಲು ಸೆಟೆದು ಫಿಟ್ಸ್ ಬಂತು. ಊರಿಗೆ ಫೋನು ಹೋಯಿತು. ಅಲ್ಲಿಯ ಹಿರಿಯರು ಇದು ಬಾಲಗ್ರಹವೇ ಸರಿ ಎಂದು ನಿರ್ಣಯಿಸಿ, ದೇವರಿಗೆ ಮುಡಿಪು ಕಟ್ಟಿ, ಮಂತ್ರಿಸಿದ ನೂಲನ್ನು ರಾತ್ರಿಯ ಬಸ್ಸಿನಲ್ಲಿ ಕಳುಹಿಸುವುದಾಗಿ ತಿಳಿಸಿದರು.

ಆದರೂ ಆ ತಂದೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದರೆಂಬುದನ್ನು ಓದುಗರು ಮರೆಯಬಾರದು. ಅವರು ನಿರ್ದಯಿಯಲ್ಲ. ವೈದ್ಯರು ಮಗುವಿನ ಕತ್ತನ್ನು ಬಗ್ಗಿಸಿ ನೋಡಿ, ಮಿದುಳಿನ ಪೊರೆಗೆ ಸೋಂಕು ತಗುಲಿರುವ ಸಂಶಯವಿದೆ, ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕು ಎಂದರು. ಬೆನ್ನಿಗೆ ಸೂಜಿ ಚುಚ್ಚಿದರೆ ಮಗುವಿನ ಕಾಲು ಬಿದ್ದುಹೋಗುತ್ತದೆಂದು ಪಕ್ಕದ ಹಾಸಿಗೆಯವರಾರೋ ಹೇಳಿದರು. ಅಲ್ಲಿಗೆ ತಂದೆಯ ಧೈರ್ಯ ಕುಸಿಯಿತು. ಬೇಡವೇ ಬೇಡ, ಮಗುವನ್ನು ಮನೆಗೆ ಒಯ್ಯುತ್ತೇನೆಂದು ಹಟ ಹಿಡಿದರು. ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಅಚ್ಚಾದ ಕಾಗದವೊಂದನ್ನು ಮುಂದಿಟ್ಟರು. ಅದನ್ನು ಓದಿ ಹೇಳುವುದಕ್ಕೆ ನನಗೆ ಕರೆ ಬಂತು. ವೈದ್ಯರ ಸಲಹೆಗೆ ವಿರುದ್ಧವಾಗಿ ರೋಗಿಯನ್ನು ಒಯ್ಯುತ್ತಿದ್ದೇನೆ, ಮುಂದಿನ ಪರಿಣಾಮಕ್ಕೆ ಆಸ್ಪತ್ರೆಯು ಹೊಣೆಯಲ್ಲ ಎಂಬುದು ಅದರ ಸಾರಾಂಶ. ನನ್ನ ಎಸ್.ಎಸ್.ಎಲ್.ಸಿ. ಇಂಗ್ಲಿಷಿಗೆ ಅಷ್ಟು ತಿಳಿಯಿತು. ತಂದೆ ಕನ್ನಡದಲ್ಲಿ ರುಜು ಹಾಕಿದರು. ಸಾಕ್ಷಿಯ ಜಾಗದಲ್ಲಿ ನಾನು ಹಾಕಿದೆ. ತಂದೆಯೇ ಒಲ್ಲೆನೆಂದ ಮೇಲೆ ನಾವು ಯಾರು ಎಂದು ಆ ವೈದ್ಯರೂ ಭಾವಿಸಿರಬೇಕು, ನಾನೂ ಭಾವಿಸಿದೆ. ಮಗುವಿನ ತಾಯಿ ಬಾಗಿಲ ಬಳಿ ನೀರಿನ ಬಾಟಲಿ ಹಿಡಿದು ನಿಂತಿದ್ದರು. ಸೂಜಿ ಹಾಕಿಸೋಣವೆಂದು ಗಂಡನಿಗೆ ಮೆಲ್ಲನೆ ಒಂದು ಸಲ ಹೇಳಿದ್ದನ್ನು ನಾನು ಕೇಳಿದ್ದೇನೆ. ಅವರ ರುಜುವನ್ನು ಯಾರೂ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಮಗುವಿಗೆ ಪ್ರಜ್ಞೆ ತಪ್ಪಿತು. ಬೇರೊಂದು ಆಸ್ಪತ್ರೆಗೆ ಸೇರಿಸಿದೆವು. ಮೂರು ವಾರಗಳ ನಂತರ ಹುಡುಗ ಎದ್ದು ಕುಳಿತನು. ಎರಡು ಕಿವಿಗಳೂ ಕೇಳಿಸದೆ ಹೋಗಿದ್ದವು.

ಆ ರೋಗದ ವಿಷಯವನ್ನು ನಾನು ಆಮೇಲೆ ತಿಳಿದುಕೊಂಡೆನು. ಸೂಜಿ ಹಾಕುವುದು ಬೆನ್ನುಹುರಿಯು ಮುಗಿಯುವ ಸ್ಥಳಕ್ಕಿಂತ ಕೆಳಗೆ. ಆದಕಾರಣ ಕಾಲು ಬೀಳುವುದೆಂಬ ಭಯಕ್ಕೆ ಬುಡವಿಲ್ಲ. ರೋಗಾಣುವಿನಿಂದ ಬರುವ ಈ ಸೋಂಕಿನಲ್ಲಿ ಔಷಧ ತಡವಾದಷ್ಟೂ ಕಿವಿ, ಬುದ್ಧಿ, ಪ್ರಾಣ ಮೂರಕ್ಕೂ ಅಪಾಯ ಹೆಚ್ಚುತ್ತದೆ. ಇನ್ನೊಂದು ಮಾತನ್ನೂ ಹೇಳಬೇಕು. ಪರೀಕ್ಷೆಗೆ ಒಪ್ಪಿಗೆ ಸಿಗದಿದ್ದರೂ ಔಷಧವನ್ನು ಆರಂಭಿಸಲು ಬರುತ್ತದೆ. ಸೂಜಿ ಬೇಡವೆಂದವನನ್ನು ಔಷಧವೂ ಇಲ್ಲದೆ ಮನೆಗೆ ಕಳುಹಿಸಬೇಕಾಗಿರಲಿಲ್ಲ. ತಂದೆಯ ಅಜ್ಞಾನಕ್ಕೆ ಆಸ್ಪತ್ರೆಯ ಅವಸರವೂ ನನ್ನ ಸಂಕೋಚವೂ ಸೇರಿದ್ದರಿಂದ ಆ ಕಾಗದವು ಪೂರ್ಣವಾಯಿತು. ಆ ಕಾಗದ ಕಾಪಾಡಿದ್ದು ಆಸ್ಪತ್ರೆಯನ್ನು.

ಇಂಥ ಸಂದರ್ಭದಲ್ಲಿ ಮಹಾತ್ಮರ ಉದಾಹರಣೆಯನ್ನು ಕೊಡುವವರು ನಮ್ಮಲ್ಲಿದ್ದಾರೆ. 1902ರಲ್ಲಿ ಇದೇ ಮುಂಬಯಿಯ ಗಿರಗಾಂವದಲ್ಲಿ ಗಾಂಧೀಜಿಯವರು ಬಿಡಾರ ಮಾಡಿದ್ದಾಗ ಅವರ ಎರಡನೆಯ ಮಗ, ಹತ್ತು ವರ್ಷದ ಮಣಿಲಾಲನು ವಿಷಮಶೀತಜ್ವರದಿಂದ ಮಲಗಿದನು, ಜೊತೆಗೆ ನ್ಯುಮೋನಿಯಾ. ನೋಡಲು ಬಂದ ಪಾರಸಿ ವೈದ್ಯರು ಮೊಟ್ಟೆಯನ್ನೂ ಕೋಳಿಯ ಸಾರನ್ನೂ ಕೊಡಬೇಕೆಂದರು. ಗಾಂಧೀಜಿ ಒಪ್ಪಲಿಲ್ಲ. ನೀರಿನ ತೊಟ್ಟಿಯ ಸ್ನಾನ, ನೀರು ಬೆರೆಸಿದ ಕಿತ್ತಳೆಯ ರಸ, ಮೈಗೆ ಸುತ್ತಿದ ಒದ್ದೆ ಬಟ್ಟೆ ಇವಿಷ್ಟರಿಂದಲೇ ಶುಶ್ರೂಷೆ ನಡೆಸಿದರು. ಜ್ವರವು 104 ಡಿಗ್ರಿಗೆ ಏರಿತು. ಒಂದು ರಾತ್ರಿ ಮಗನನ್ನು ಕಸ್ತೂರಬಾ ಅವರ ವಶಕ್ಕೆ ಬಿಟ್ಟು ಚೌಪಾಟಿಯ ಕಡೆಗೆ ಹೋಗಿ ರಾಮನಾಮ ಜಪಿಸುತ್ತ ತಿರುಗಾಡಿ, ಎದೆ ಡವಗುಟ್ಟುತ್ತ ಹಿಂದಿರುಗಿದರು. ಮಗುವಿಗೆ ಬೆವರು ಬಿಟ್ಟಿತು, ಬದುಕಿತು.

ಇದನ್ನು ಹೇಳುವವರು ಎರಡು ಸಂಗತಿಗಳನ್ನು ಬಿಟ್ಟುಬಿಡುತ್ತಾರೆ. ತನ್ನ ಗೀಳನ್ನು ಮಕ್ಕಳ ಮೇಲೆ ಹೇರುವುದಕ್ಕೆ ಹೆತ್ತವರಿಗೆ ಏನು ಹಕ್ಕು ಎಂಬ ಪ್ರಶ್ನೆಯು ಆ ರಾತ್ರಿಗಳಲ್ಲಿ ತಮ್ಮನ್ನು ಕಾಡಿತೆಂದು ಗಾಂಧೀಜಿಯವರೇ ಆತ್ಮಕಥೆಯಲ್ಲಿ ಒಪ್ಪಿದ್ದಾರೆ. ಗುಣವಾದುದು ದೇವರ ಕೃಪೆಯಿಂದಲೋ, ನೀರಿನ ಚಿಕಿತ್ಸೆಯಿಂದಲೋ, ಪಥ್ಯದಿಂದಲೋ ಯಾರು ಬಲ್ಲರು ಎಂದಿದ್ದಾರೆ. ಅಲ್ಲದೆ ನಾಡಿಯನ್ನೂ ಎದೆಯನ್ನೂ ಪರೀಕ್ಷಿಸಲು ತಮಗೆ ಬಾರದೆಂದು ಆ ವೈದ್ಯರನ್ನೇ ಆಗಾಗ ಬಂದು ನೋಡುವಂತೆ ಬೇಡಿಕೊಂಡಿದ್ದರು. ವೈದ್ಯನನ್ನು ಬಾಗಿಲಿನಿಂದಾಚೆಗೆ ಅಟ್ಟಲಿಲ್ಲ. ಮಣಿಲಾಲನ ಒಪ್ಪಿಗೆಯನ್ನೂ ಕೇಳಿದ್ದರು ನಿಜ. ಆದರೆ ಹತ್ತು ವರ್ಷದ ಹುಡುಗನು ಅಂಥ ತಂದೆಯ ಮುಂದೆ ಬೇಡವೆಂದಾನೇ? ಗಾಂಧೀಜಿಯವರ ಮೇಲಿನ ಭಕ್ತಿಗೆ ಕುಂದು ಬಾರದಂತೆ ನಾನು ಹೇಳಬಯಸುವುದಿಷ್ಟೆ: ತನ್ನ ದೇಹದ ಮೇಲೆ ಎಂಥ ವ್ರತವನ್ನಾದರೂ ಕೈಗೊಳ್ಳಲು ಮನುಷ್ಯನು ಸ್ವತಂತ್ರನು, ಮಗುವಿನ ದೇಹವನ್ನು ಆ ವ್ರತಕ್ಕೆ ಒಡ್ಡುವ ಸ್ವಾತಂತ್ರ್ಯ ಮಹಾತ್ಮನಿಗೂ ಇಲ್ಲ. ಆ ಮಗು ಉಳಿಯಿತೆಂಬುದು ಅದಕ್ಕೆ ಸಮರ್ಥನೆಯಾಗದು.

ಕಾನೂನು ಈ ವಿಷಯದಲ್ಲಿ ಕಣ್ಣುಮುಚ್ಚಿ ಕುಳಿತಿಲ್ಲ. 1890ರ ಪಾಲಕರ ಕಾಯದೆಯಿಂದ ಮೊದಲ್ಗೊಂಡು ಅಪ್ರಾಪ್ತವಯಸ್ಕರ ಹಿತವೇ ಮುಖ್ಯವೆಂಬ ತತ್ವ ನಮ್ಮಲ್ಲಿ ನಡೆದುಬಂದಿದೆ. 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯದೆಯು ಆ ಹಿತವನ್ನೇ ಸರ್ವೋಪರಿಯೆಂದು ಸಾರಿತು. ಅದೇ ಕಾಯದೆಯು ತಂದೆಯನ್ನು ಮೊದಲ ಪಾಲಕನೆಂದೂ ತಾಯಿಯನ್ನು ಅವನ ನಂತರದವಳೆಂದೂ ಹೇಳಿತ್ತು. 'ನಂತರ' ಎಂದರೆ ತಂದೆಯು ಸತ್ತ ಮೇಲೆ ಎಂದೇ ಅರ್ಥವಲ್ಲ, ಅವನು ಮಗುವಿನ ಯೋಗಕ್ಷೇಮಕ್ಕೆ ಒದಗದಿದ್ದಾಗ ತಾಯಿಯೇ ಪಾಲಕಳು ಎಂದು 1999ರಲ್ಲಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅರ್ಥ ಹಚ್ಚಿತು. ಬಾಗಿಲ ಬಳಿ ನಿಂತಿದ್ದ ಆ ತಾಯಿಯ ಮಾತಿಗೂ ಬೆಲೆಯುಂಟೆಂದು ನನಗೆ ಆಗ ಗೊತ್ತಿರಲಿಲ್ಲ.

ಅಪಘಾತಕ್ಕೆ ಸಿಕ್ಕ ಮಗುವಿಗೆ ಒಡನೆಯೇ ಶಸ್ತ್ರಕ್ರಿಯೆ ಮಾಡದಿದ್ದರೆ ಸಾವು ನಿಶ್ಚಯವೆಂದಾಗ, ಪಾಲಕರನ್ನು ಕೇಳಲು ವೇಳೆಯಿಲ್ಲದಿದ್ದರೆ, ಮಗುವೇ ಬೇಡವೆಂದು ಅತ್ತರೂ ಶಸ್ತ್ರವೈದ್ಯನು ಮಾಡಿದ್ದು ಅಪರಾಧವಲ್ಲ ಎಂಬ ದೃಷ್ಟಾಂತವು 1860ರ ದಂಡಸಂಹಿತೆಯಲ್ಲಿಯೇ ಇತ್ತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ವಿಧಿ ಉಳಿದುಬಂದಿದೆ. ಆದರೆ ತಂದೆಯು ಎದುರಿಗೇ ನಿಂತು ಬೇಡವೆಂದರೆ? ಅಲ್ಲಿ ವೈದ್ಯನ ಕೈ ಕಟ್ಟಿದಂತಾಗುತ್ತದೆ. ಅಂಥ ಹೊತ್ತಿಗೆ 2015ರ ಬಾಲನ್ಯಾಯ ಕಾಯದೆಯುಂಟು. ಅದರನ್ವಯ ಮಕ್ಕಳ ಕಲ್ಯಾಣ ಸಮಿತಿಗಳಿವೆ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಮಗುವನ್ನು ಕಾಪಾಡಲು ಹೆತ್ತವರು ಅಸಮರ್ಥರೆಂದು ಕಂಡರೆ ರಕ್ಷಣೆಯ ಆಜ್ಞೆ ಮಾಡುವ ಅಧಿಕಾರ ಅವಕ್ಕಿದೆ. ವೈದ್ಯ, ದಾದಿ, ನೆರೆಯವನು, ಯಾವ ನಾಗರಿಕನೇ ಆಗಲಿ ವಿಷಯವನ್ನು ಅಲ್ಲಿಗೆ ಒಯ್ಯಬಹುದು. 1098 ಎಂಬ ಫೋನಿಗೆ ಕಾಸಿನ ಖರ್ಚಿಲ್ಲ. ಮಗುವನ್ನು ಬೇಕೆಂದೇ ಉಪೇಕ್ಷಿಸಿ ಸಂಕಟಕ್ಕೀಡುಮಾಡಿದವರಿಗೆ ಮೂರು ವರ್ಷಗಳ ವರೆಗೆ ಸಜೆಯನ್ನೂ ಈ ಕಾಯದೆ ವಿಧಿಸಿದೆ.

ಸಜೆಯ ಮಾತನ್ನು ನಾನು ಒತ್ತಿ ಹೇಳಲಾರೆ. ನಮ್ಮ ಅಡಿಗೆಯವರನ್ನು ಜೈಲಿಗೆ ಹಾಕಿದ್ದರೆ ಹುಡುಗನ ಕಿವಿ ಮರಳುತ್ತಿರಲಿಲ್ಲ, ಮನೆಯ ಒಲೆ ಮಾತ್ರ ಆರುತ್ತಿತ್ತು. ಪೋಲೀಸರನ್ನು ಕಂಡರೆ ಬಡವನು ಮಗುವನ್ನು ಇನ್ನಷ್ಟು ಒಳಗೆ ಬಚ್ಚಿಟ್ಟಾನು. ಅಧಿಕಾರಕ್ಕಿಂತ ಮುಂಚೆ ಅಲ್ಲಿ ಬೇಕಾಗಿದ್ದುದು ತಾನು ಬಲ್ಲ ಭಾಷೆಯಲ್ಲಿ ಅರ್ಧ ತಾಸು ಕುಳಿತು ತಿಳಿಹೇಳುವ ಒಬ್ಬ ಮನುಷ್ಯ. ಆ ಕೆಲಸಕ್ಕೆಂದೇ ನನ್ನನ್ನು ಕರೆದಿದ್ದರು. ನಾನು ಕಾಗದವನ್ನು ಮಾತ್ರ ಓದಿದೆ. ಅಂದು ಶನಿವಾರ. ಮರುದಿನದ ಗಿರಾಕಿಗಳಿಗೆ ಕಾವಲಿಯ ಮುಂದೆ ಯಾರನ್ನು ನಿಲ್ಲಿಸಲೆಂಬ ಚಿಂತೆಯೂ ನನ್ನ ತಲೆಯಲ್ಲಿತ್ತು. ಇದನ್ನು ಮುಚ್ಚಿಟ್ಟು ತಂದೆಯೊಬ್ಬರನ್ನೇ ದೂರುವುದು ನ್ಯಾಯವಲ್ಲ.

ಹೋಟೆಲು ಮಾಲಿಕ ಬಂಧುಗಳಲ್ಲಿ ನನ್ನ ವಿಜ್ಞಾಪನೆಯಿದು. ಕೆಲಸಗಾರನ ಮಗು ಆಸ್ಪತ್ರೆಯಲ್ಲಿದ್ದರೆ ಸಂಬಳ ಮುರಿಯದೆ ರಜೆ ಕೊಡಿರಿ. ಎಷ್ಟೋ ತಂದೆಯಂದಿರ 'ಬೇಡ'ದ ಹಿಂದೆ ಮುರಿಯುವ ಸಂಬಳದ ಲೆಕ್ಕವಿರುತ್ತದೆ. ಕಚೇರಿಯಲ್ಲಿ ದುಡಿಯುವ ನಮ್ಮ ಗುಮಾಸ್ತ ಮಿತ್ರರನ್ನು ಚಾಳಿನವರು ಇಂಗ್ಲಿಷು, ಮರಾಠಿ ಕಾಗದ ಓದಿಸಲು ಕರೆಯುವುದುಂಟು. ಮಗುವಿನ ವಿಷಯದಲ್ಲಿ ಇಂಥ ಕಾಗದ ಕಂಡರೆ ಸಾಕ್ಷಿ ಹಾಕಬೇಡಿರಿ. ಇನ್ನೊಬ್ಬ ವೈದ್ಯರಿಂದ ಒಂದು ಮಾತು ಹೇಳಿಸಿರೆಂದು ಬೇಡಿಕೊಳ್ಳಿರಿ, ಪರೀಕ್ಷೆ ಬೇಡವಾದರೆ ಔಷಧವನ್ನಾದರೂ ಆರಂಭಿಸಲು ಬರುತ್ತದೆಯೇ ಎಂದು ಕೇಳಿರಿ, ತಾಯಿಯನ್ನು ಮುಂದಕ್ಕೆ ಕರೆಯಿರಿ. ಆಗಲೂ ಮಗುವನ್ನು ಎತ್ತಿಕೊಂಡು ಹೊರಟರೆ 1098ಕ್ಕೆ ಫೋನು ಮಾಡಿರಿ. ನೆರೆಮನೆಯ ಸ್ನೇಹ ಅದರಿಂದ ಮುರಿದರೆ ಮುರಿಯಲಿ.

ಹುಡುಗನಿಗೆ ಈಗ ಹದಿನೈದು ವರ್ಷ. ಕಿವುಡರ ಶಾಲೆಯಲ್ಲಿ ಓದುತ್ತಿದ್ದಾನೆ, ಚಿತ್ರ ಬರೆಯುತ್ತಾನೆ. ಈ ಲೇಖನವನ್ನು ಅಚ್ಚಿಗೆ ಕೊಡುವ ಮುನ್ನ ಅವನ ತಂದೆಗೆ ಓದಿ ಹೇಳಿದೆ. ಬಹಳ ಹೊತ್ತು ಅವರು ಮಾತನಾಡಲಿಲ್ಲ. ಆಮೇಲೆ, "ಹಾಕಿ ಧಣಿ, ಹೆಸರು ಮಾತ್ರ ಬೇಡ" ಎಂದರು.