ರಕ್ತ ನುಡಿದ ಸಾಕ್ಷಿ

ನಮಗೆ ಬಹುಕಾಲದಿಂದ ಆಪ್ತವಾದ ಒಂದು ಕುಟುಂಬದಲ್ಲಿ ಉಪ್ಪಿನ ನಿಮಿತ್ತವಾಗಿ ನಾಲ್ಕು ವರ್ಷಗಳ ಕಾಲ ಮನಸ್ತಾಪ ನಡೆಯಿತು. ಮನೆಯ ಯಜಮಾನರಿಗೆ ಆಗ ನಲವತ್ತೆಂಟರ ಪ್ರಾಯ. ದಿನವೂ ಮೂರು ಬಗೆಯ ಗುಳಿಗೆಗಳನ್ನು ನುಂಗಿದರೂ ಅವರ ರಕ್ತದೊತ್ತಡ 170/100ರ ಆಸುಪಾಸಿನಿಂದ ಇಳಿಯಲೊಲ್ಲದು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳು ಅವರ ತಟ್ಟೆಯಿಂದ ಮರೆಯಾದವು. ಆದರೂ ಅಂಕಿ ಇಳಿಯದಿರಲು, "ಹೊರಗೆಲ್ಲೋ ಕದ್ದು ತಿನ್ನುತ್ತೀರಿ" ಎಂದು ಪತ್ನಿ ಕಣ್ಣೀರಿಟ್ಟರು. ಗುಳಿಗೆಗಳನ್ನು ಸರಿಯಾಗಿ ತೆಗೆದುಕೊಳ್ಳುತ್ತಿಲ್ಲವೆಂದು ಮಗ ಸಂಶಯಪಟ್ಟನು. ಲಜ್ಜೆಯಿಂದ ಒಪ್ಪಿಕೊಳ್ಳಬೇಕಾದ ಸಂಗತಿಯೆಂದರೆ, ನಾವೂ ಒಂದು ಸಂಜೆ ನಾಲಗೆಯ ನಿಗ್ರಹವನ್ನು ಕುರಿತು ಅವರಿಗೆ ದೀರ್ಘವಾಗಿ ಉಪದೇಶಿಸಿದೆವು. ಅವರು ತಲೆತಗ್ಗಿಸಿ ಕೇಳಿದರು. ಅವರು ನಿರಪರಾಧಿಯೆಂದು ಕಡೆಗೆ ಸಾಕ್ಷಿ ನುಡಿದದ್ದು ಅವರದೇ ರಕ್ತ.

ಆ ಸಾಕ್ಷಿ ಯಾವುದೆಂಬುದನ್ನು ನಮ್ಮ ವಾಚಕರಿಗೆ ತಿಳಿಸುವುದೇ ಈ ತಿಂಗಳ ಲೇಖನದ ಉದ್ದೇಶ.

ಜ್ವರ ಬಂದವನ ನಾಲಗೆಯಡಿ ಇಡುವ ಉಷ್ಣಮಾಪಕವು ಕಾವು ಎಷ್ಟೆಂದು ಹೇಳುತ್ತದೆ. ಅದು ಮಲೇರಿಯವೋ ಟೈಫಾಯ್ಡೋ ಎಂಬುದನ್ನು ಹೇಳದು. ಅದಕ್ಕೆ ರಕ್ತವನ್ನೇ ಪರೀಕ್ಷಿಸಬೇಕು. ತೋಳಿಗೆ ಪಟ್ಟಿ ಸುತ್ತಿ ನೋಡುವ ರಕ್ತದೊತ್ತಡದ ಅಂಕಿಯೂ ಹಾಗೆಯೇ. ಒತ್ತಡ ಎಷ್ಟೆಂದು ಹೇಳುತ್ತದೆ, ಏಕೆಂದು ಹೇಳದು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ, 2024ರಲ್ಲಿ ಜಗತ್ತಿನ 140 ಕೋಟಿ ಜನರಿಗೆ ಈ ವ್ಯಾಧಿಯಿತ್ತು. ಅದು ಹತೋಟಿಯಲ್ಲಿದ್ದುದು ಐವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಮಾತ್ರ. ಇಷ್ಟೊಂದು ಜನರಲ್ಲಿ ಕಾರಣ ಒಂದೇ ಆಗಿರಲಾರದು. ಆ ಕಾರಣವನ್ನು ತಿಳಿಸಬಲ್ಲ ಗುರುತು ರಕ್ತದಲ್ಲಿದೆಯೇ ಎಂಬ ಅನ್ವೇಷಣೆ ನೂರು ವರ್ಷಗಳಿಗೂ ಹಳೆಯದು.

ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ರಾಬರ್ಟ್ ಟೈಗರ್‌ಸ್ಟೆಡ್ ಎಂಬ ಶರೀರಶಾಸ್ತ್ರಜ್ಞರು ತಮ್ಮ ಶಿಷ್ಯ ಬರ್ಗ್‌ಮನ್ನರೊಡನೆ ಮೊಲದ ಮೂತ್ರಪಿಂಡವನ್ನು ಅರೆದು, ಅದರ ಸಾರವನ್ನು ಇನ್ನೊಂದು ಮೊಲದ ರಕ್ತನಾಳಕ್ಕೆ ಸೇರಿಸಿ ನೋಡಿದರು. ಮೊಲದ ರಕ್ತದೊತ್ತಡ ಏರಿತು. ಆ ಸಾರದಲ್ಲಿದ್ದ ವಸ್ತುವಿಗೆ 'ರೆನಿನ್' ಎಂದು ಹೆಸರಿಟ್ಟು 1898ರಲ್ಲಿ ಪ್ರಕಟಿಸಿದರು. ವೈದ್ಯಲೋಕ ಅದನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿತು. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವನ್ನು ಅದುಮಿ ಒತ್ತಡ ಏರುವುದನ್ನು ತೋರಿಸಿದ ಮೇಲೆ ರೆನಿನ್ನಿನ ನೆನಪು ಮರಳಿತು.

ಮೂತ್ರಪಿಂಡಕ್ಕೆ ರಕ್ತ ಸಾಲದಾದಾಗ ಅದು ರೆನಿನ್ ಸ್ರವಿಸುತ್ತದೆ. ಅದರ ಪ್ರೇರಣೆಯಿಂದ ರಕ್ತದಲ್ಲಿ ಆಂಜಿಯೊಟೆನ್ಸಿನ್ ಎಂಬುದು ಉಂಟಾಗಿ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಜೊತೆಗೆ ಮೂತ್ರಪಿಂಡದ ನೆತ್ತಿಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯನ್ನು ಎಚ್ಚರಿಸುತ್ತದೆ. ಆ ಗ್ರಂಥಿ ಆಲ್ಡೋಸ್ಟೆರೋನ್ ಎಂಬ ರಸವನ್ನು ಬಿಡುತ್ತದೆ. ಉಪ್ಪು ನೀರುಗಳನ್ನು ದೇಹದಲ್ಲಿ ಹಿಡಿದಿಟ್ಟು ಪೊಟ್ಯಾಸಿಯಂ ಅನ್ನು ಹೊರಹಾಕುವುದು ಇದರ ಕೆಲಸ. ಒತ್ತಡ ಸಾಕಾದೊಡನೆ ರೆನಿನ್ ಇಳಿಯುತ್ತದೆ, ಅದರೊಡನೆ ಆಲ್ಡೋಸ್ಟೆರೋನೂ ಇಳಿಯಬೇಕು.

ಕೆಲವರಲ್ಲಿ ಹಾಗೆ ಇಳಿಯುವುದಿಲ್ಲ. ಗದ್ದೆ ತುಂಬಿತು, ಇನ್ನು ಸಾಕೆಂದು ಊರವರು ಹೇಳಿದ ಮೇಲೂ ನೀರುಗಂಟಿ ತೂಬು ಮುಚ್ಚದೆ ನೀರು ಬಿಡುತ್ತಲೇ ಇದ್ದರೆ ಹೇಗೋ ಹಾಗೆ, ರೆನಿನ್ನಿನ ಅಪ್ಪಣೆಯಿಲ್ಲದೆಯೂ ಗ್ರಂಥಿಯು ಆಲ್ಡೋಸ್ಟೆರೋನನ್ನು ಸುರಿಸುತ್ತಿರುತ್ತದೆ. ರಕ್ತದಲ್ಲಿ ಆಗ ಕಾಣುವ ಗುರುತು ಇದು: ರೆನಿನ್ ಅತಿ ಕಡಿಮೆ, ಅದಕ್ಕೆ ಹೋಲಿಸಿದರೆ ಆಲ್ಡೋಸ್ಟೆರೋನ್ ಹೆಚ್ಚು.

ಈ ವ್ಯಾಧಿಯನ್ನು ಮೊದಲು ವಿವರಿಸಿದವರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಡಾಕ್ಟರ್ ಜೆರೋಮ್ ಕಾನ್. 34 ವಯಸ್ಸಿನ ಮಹಿಳೆಯೊಬ್ಬಳು ಏಳು ವರ್ಷಗಳಿಂದ ಸ್ನಾಯುಗಳ ಸೆಳೆತ, ನಿಶ್ಶಕ್ತಿಗಳಿಂದ ನರಳುತ್ತಿದ್ದಳು. ರಕ್ತದೊತ್ತಡ ಹೆಚ್ಚಿತ್ತು, ಪೊಟ್ಯಾಸಿಯಂ ಕುಸಿದಿತ್ತು. ಅವಳ ಅಡ್ರಿನಲ್ ಗ್ರಂಥಿಯಲ್ಲಿದ್ದ ಗೆಡ್ಡೆಯನ್ನು 1954ರ ಡಿಸೆಂಬರಿನಲ್ಲಿ ತೆಗೆಯಲಾಯಿತು, ಅವಳು ಚೇತರಿಸಿಕೊಂಡಳು. ಮರುವರ್ಷ ಕಾನ್ ಇದನ್ನು ಪ್ರಕಟಿಸಿದರು.

ಬಹುಕಾಲ ಇದು ಅಪರೂಪದ ರೋಗವೆಂಬ ಭಾವನೆಯಿತ್ತು. ರಕ್ತವನ್ನು ಅಳೆದು ನೋಡತೊಡಗಿದಂತೆ, ಅಧಿಕ ರಕ್ತದೊತ್ತಡವಿರುವ ನೂರು ಮಂದಿಯಲ್ಲಿ ಐವರಿಂದ ಹತ್ತು ಮಂದಿಯಲ್ಲಿ ಇದಿರಬಹುದೆಂದು ತಿಳಿದುಬಂದಿದೆ. ಮೂರು ಔಷಧಗಳಿಗೂ ಬಗ್ಗದವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಅನೇಕರಲ್ಲಿ ಪೊಟ್ಯಾಸಿಯಂ ಸಹಜವಾಗಿಯೇ ಇರುವುದರಿಂದ ಅದೊಂದನ್ನೇ ನಂಬಿ ಕೂಡಲಾಗದು. ಅಮೆರಿಕದ ಎಂಡೋಕ್ರೈನ್ ಸೊಸೈಟಿಯು 2025ರ ತನ್ನ ಮಾರ್ಗಸೂಚಿಯಲ್ಲಿ ಅಧಿಕ ರಕ್ತದೊತ್ತಡವುಳ್ಳ ಎಲ್ಲರಿಗೂ ಈ ಪರೀಕ್ಷೆಯಾಗುವುದು ಲೇಸೆಂದು ಸೂಚಿಸಿದೆ. ಹಾಗಿದ್ದರೂ ಈ ಪರೀಕ್ಷೆ ಮಾಡಿಸಿಕೊಂಡವರು ವಿರಳ.

ನಮ್ಮ ಯಜಮಾನರಿಗೂ ನಾಲ್ಕು ವರ್ಷ ಯಾರೂ ಇದನ್ನು ಹೇಳಲಿಲ್ಲ. ಕಾಲುಗಳು ಸೋಲುತ್ತವೆಂದು ಹೋದಾಗ ಒಬ್ಬ ತರುಣ ವೈದ್ಯೆ ಅವರ ಹಳೆಯ ಕಾಗದಗಳನ್ನೆಲ್ಲ ಬಿಡಿಸಿ ನೋಡಿ, ರೆನಿನ್ ಮತ್ತು ಆಲ್ಡೋಸ್ಟೆರೋನ್ ಪರೀಕ್ಷೆಗೆ ಬರೆದುಕೊಟ್ಟರು. ಬಲಗಡೆಯ ಗ್ರಂಥಿಯಲ್ಲಿ ಕಡಲೆಗಾತ್ರದ ಗೆಡ್ಡೆಯಿತ್ತು. ಅದೇ ಮೂಲವೆಂದು ಖಚಿತಪಡಿಸಿಕೊಂಡ ಮೇಲೆ ಶಸ್ತ್ರಚಿಕಿತ್ಸೆಯಾಯಿತು. ಈಗ ಅವರಿಗೆ ದಿನಕ್ಕೆ ಒಂದೇ ಗುಳಿಗೆ. ಒತ್ತಡ 130ರ ಒಳಗಿದೆ. ಎರಡೂ ಗ್ರಂಥಿಗಳು ಕೆಟ್ಟಿದ್ದವರಿಗೆ ಶಸ್ತ್ರಚಿಕಿತ್ಸೆಯ ಬದಲು ಆಲ್ಡೋಸ್ಟೆರೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್‌ನಂತಹ ಗುಳಿಗೆಗಳಿವೆ.

ಇಷ್ಟರಿಂದ, ಒಂದು ರಕ್ತಪರೀಕ್ಷೆ ಎಲ್ಲರ ಕಾರಣವನ್ನೂ ಹೇಳುತ್ತದೆಂದು ವಾಚಕರು ಭಾವಿಸಬಾರದು. ಹತ್ತು ಲಕ್ಷಕ್ಕೂ ಮಿಕ್ಕ ಜನರನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ರಕ್ತದೊತ್ತಡಕ್ಕೆ ಸಂಬಂಧಿಸಿದ 901 ವಂಶವಾಹಿ ತಾಣಗಳನ್ನು ಲೆಕ್ಕಹಾಕಿತು. ಒಂದೊಂದರ ಪಾಲೂ ಅತ್ಯಲ್ಪ. ಬಹುಮಂದಿಯಲ್ಲಿ ವಂಶ, ವಯಸ್ಸು, ಉಪ್ಪು, ಮೈಭಾರಗಳೆಲ್ಲ ಹೆಣೆದುಕೊಂಡೇ ಇರುತ್ತವೆ. ಕ್ರಿಯಾಟಿನಿನ್‌ನಂತಹ ಪರೀಕ್ಷೆಗಳು ಮೂತ್ರಪಿಂಡಕ್ಕಾದ ಹಾನಿಯನ್ನು ತಿಳಿಸುತ್ತವೆಯೇ ಹೊರತು ಒತ್ತಡದ ಮೂಲವನ್ನು ತಾವಾಗಿ ಹೇಳಲಾರವು. ರೋಗವಿದೆಯೆಂದು ನಿರ್ಣಯಿಸಲು ಇಂದಿಗೂ ತೋಳಿನ ಪಟ್ಟಿಯೇ ಆಧಾರ.

ಆದುದರಿಂದ ನಮ್ಮ ವಿನಂತಿ ಇಷ್ಟೆ. ಉಪ್ಪು ದಿನಕ್ಕೆ ಐದು ಗ್ರಾಮಿನೊಳಗಿರಲಿ. ಈ ಗ್ರಂಥಿದೋಷವಿರುವವರಿಗೂ ಉಪ್ಪು ಕೆಡುಕೇ. ನಿತ್ಯದ ಗುಳಿಗೆಯನ್ನು ತಾವಾಗಿ ನಿಲ್ಲಿಸಬೇಡಿ. ಕೆಲವು ಔಷಧಗಳು ಈ ಪರೀಕ್ಷೆಯ ಫಲವನ್ನು ಏರುಪೇರು ಮಾಡುವುದುಂಟು, ಅದನ್ನು ವೈದ್ಯರೇ ನೋಡಿಕೊಳ್ಳಲಿ. ಪಥ್ಯ ಔಷಧಗಳೆರಡೂ ಸರಿಯಾಗಿದ್ದು ಒತ್ತಡ ಇಳಿಯದಿದ್ದರೆ, ಅಥವಾ ಚಿಕ್ಕ ವಯಸ್ಸಿನಲ್ಲೇ ಅದು ಬಂದಿದ್ದರೆ, "ರೆನಿನ್, ಆಲ್ಡೋಸ್ಟೆರೋನ್ ನೋಡಬೇಕೆ?" ಎಂದು ಸಂಕೋಚವಿಲ್ಲದೆ ವೈದ್ಯರನ್ನು ಕೇಳಿ. ಪಾರ್ಶ್ವವಾಯು ಬಡಿದ ಮೇಲೆ ಕೇಳಿ ಫಲವಿಲ್ಲ.

ಶಸ್ತ್ರಚಿಕಿತ್ಸೆಯಾದ ತಿಂಗಳ ಮೇಲೆ ನಾವು ಆ ಯಜಮಾನರ ಮನೆಗೆ ಹೋಗಿ, ಅಂದಿನ ಉಪದೇಶಕ್ಕಾಗಿ ಕ್ಷಮೆ ಕೇಳಿದೆವು. ಅವರು ನಕ್ಕು, "ಗುರುಗಳೆ, ನಾಲ್ಕು ವರ್ಷ ನನ್ನ ಮಾತನ್ನು ಯಾರೂ ನಂಬಲಿಲ್ಲ, ಒಂದು ಸಣ್ಣ ಸೀಸೆಯ ರಕ್ತವನ್ನು ಎಲ್ಲರೂ ನಂಬಿದಿರಿ" ಎಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಪತ್ನಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಮಗೂ ಮರುಮಾತು ತೋಚಲಿಲ್ಲ.