ಆರೈಕೆಯ ಕೈಗಳು

ಬೆಂಗಳೂರಿನಿಂದ ಮಾಗಡಿಯ ಕಡೆಗೆ ಹೊರಟವರಿಗೆ ಸುಂಕದಕಟ್ಟೆ, ಹೇರೋಹಳ್ಳಿಗಳ ತರುವಾಯ ಬ್ಯಾಡರಹಳ್ಳಿ ಎದುರಾಗುತ್ತದೆ. ಒಂದು ಕಾಲಕ್ಕೆ ಹೊಲಗದ್ದೆಗಳ ನಡುವಣ ಹಳ್ಳಿಯಾಗಿದ್ದ ಈ ಊರು ಇಂದು ಮಹಾನಗರದ ಅಂಗವೇ ಆಗಿಹೋಗಿದೆ. ಮಕ್ಕಳು ದುಡಿಮೆಗಾಗಿ ದೂರ ಹೋದಮೇಲೆ ಒಂಟಿಯಾಗಿ ಉಳಿಯುವ ಹಿರಿಯರು ಇಂಥ ಬಡಾವಣೆಗಳಲ್ಲಿ ಕಡಿಮೆಯಿಲ್ಲ. 2011ರ ಜನಗಣತಿಯ ವೇಳೆಗೇ ದೇಶದಲ್ಲಿ 60 ವರ್ಷ ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ವೃದ್ಧಾಶ್ರಮ ಬೇಕೇ, ಬೇಡವೇ ಎಂಬ ವಾದ ಶಾಲೆಗಳ ಚರ್ಚಾಸ್ಪರ್ಧೆಗಳಲ್ಲಿ ಸಾಕಷ್ಟು ನಡೆದಿದೆ. ಅಲ್ಲಿ ದುಡಿಯುವವರು ಹೇಗಿದ್ದಾರೆ ಎಂದು ಕೇಳುವವರು ಮಾತ್ರ ವಿರಳ.

ಹಾಸಿಗೆ ಹಿಡಿದ ವೃದ್ಧರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲವಾದರೆ ಬೆನ್ನು ಸೊಂಟಗಳಲ್ಲಿ ಹುಣ್ಣು ಏಳುತ್ತದೆ. ಅಂಥವರು 20 ಮಂದಿ ಇದ್ದಾರೆಂದು ಭಾವಿಸೋಣ. ಒಬ್ಬೊಬ್ಬರಿಗೆ 10 ನಿಮಿಷ ಹಿಡಿದರೂ ಒಂದು ಸುತ್ತಿಗೆ 200 ನಿಮಿಷ ಬೇಕು. ಎರಡು ಗಂಟೆಯಲ್ಲಿರುವುದು 120 ನಿಮಿಷ. ರಾತ್ರಿಯ ಪಾಳಿಯಲ್ಲಿ ಒಬ್ಬಳೇ ಆಯಾ ಇದ್ದರೆ, ಅವಳೆಷ್ಟೇ ದಯಾವಂತಳಾಗಿದ್ದರೂ ಈ ಲೆಕ್ಕ ಅವಳನ್ನು ಸೋಲಿಸುತ್ತದೆ. ಕೊನೆಯ ಮಂಚದ ಅಜ್ಜಿಗೆ ಹುಣ್ಣಾದಾಗ ಬೈಗುಳ ಅವಳ ಪಾಲಿಗೇ ಬರುತ್ತದೆ.

ಹೀಗಿರುವಾಗ ಅವಳು ಅಲ್ಲಿ ಏಕೆ ನಿಲ್ಲಬೇಕು? ಬ್ಯಾಡರಹಳ್ಳಿಯ ಹೆಣ್ಣುಮಕ್ಕಳಿಗೆ ಸುಂಕದಕಟ್ಟೆ, ಪೀಣ್ಯಗಳ ಸಿದ್ಧ ಉಡುಪಿನ ಕಾರ್ಖಾನೆಗಳು ದೂರವಲ್ಲ. ಅಲ್ಲಿಯ ದುಡಿಮೆ ಸುಲಭದ್ದೇನೂ ಅಲ್ಲ. ಆದರೆ ವಾರದ ರಜೆಯುಂಟು, ಭವಿಷ್ಯನಿಧಿಯುಂಟು, ಕಾಯಿಲೆಯಾದರೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯುಂಟು. ಇವುಗಳನ್ನು ಕೇಳಿದರೆ, ‘ಇದು ಸೇವೆ, ಇಲ್ಲಿ ಸಂಬಳದ ಮಾತೇಕೆ?’ ಎನ್ನುವ ಆಡಳಿತಗಾರರು ಇಲ್ಲದಿಲ್ಲ. ಅವರು ರಾತ್ರಿ ತಮ್ಮ ಮನೆಗೆ ಹೋಗಿ ಮಲಗುವವರು!

ಆಯಾ ಕೆಲಸ ಬಿಟ್ಟರೆ ಇನ್ನೊಬ್ಬಳು ಬಂದಾಳು. ಆದರೆ ಯಾವ ಅಜ್ಜನಿಗೆ ಎಡಗಿವಿ ಕೇಳಿಸದು, ಯಾರು ಮಾತ್ರೆಯನ್ನು ನಾಲಗೆಯಡಿ ಅಡಗಿಸಿ ಆಮೇಲೆ ಉಗುಳುತ್ತಾರೆ, ಯಾರು ಊಟ ಬಿಟ್ಟರೆ ಅದು ಜ್ವರದ ಮುನ್ಸೂಚನೆ ಎಂಬುದೆಲ್ಲ ಅವಳೊಡನೆಯೇ ಹೊರಟುಹೋಗುತ್ತದೆ. ಮರೆವಿನ ಕಾಯಿಲೆಯವರಂತೂ ಹೊಸ ಮುಖ ಕಂಡರೆ ಬೆದರುತ್ತಾರೆ.

ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆಯು ಜಿಲ್ಲೆಗೊಂದಾದರೂ ವೃದ್ಧಾಶ್ರಮವಿರಲಿ, ಅದರಲ್ಲಿ ಕನಿಷ್ಠ 150 ನಿರ್ಗತಿಕರಿಗೆ ಸ್ಥಳವಿರಲಿ ಎಂದಿತು. ಹಾಸಿಗೆಗಳ ಎಣಿಕೆಯನ್ನು ಹೇಳಿದ ಕಾಯಿದೆ ಕೈಗಳ ಎಣಿಕೆಯನ್ನು ಹೇಳದೆ, ಸೌಲಭ್ಯಗಳ ಮಟ್ಟವನ್ನು ಗೊತ್ತುಮಾಡುವ ಕೆಲಸವನ್ನು ರಾಜ್ಯಗಳಿಗೆ ಬಿಟ್ಟಿತು. ಕೈಗಳನ್ನು ಎಣಿಸಿದ ದೇಶವೂ ಉಂಟು. 2000ದಲ್ಲಿ ಆರೈಕೆಯ ವಿಮೆಯನ್ನು ಜಾರಿಗೆ ತಂದ ಜಪಾನಿನ ಶುಶ್ರೂಷಾಗೃಹಗಳಲ್ಲಿ ಸಾಮಾನ್ಯವಾಗಿ ಮೂವರು ವೃದ್ಧರಿಗೆ ಒಬ್ಬ ಪರಿಚಾರಕರಾದರೂ ಇರಬೇಕು. ಆದರೂ ಇತರ ಉದ್ಯೋಗಗಳಿಗಿಂತ ಸಂಬಳ ಕಡಿಮೆಯಾದ್ದರಿಂದ ಅಲ್ಲಿಯೂ ಜನ ಸಾಲದೆ ಹೊರದೇಶದವರನ್ನು ಕರೆಸಿಕೊಳ್ಳುತ್ತಿದ್ದಾರೆ. ಎಣಿಕೆಯೊಂದೇ ಸಾಲದೆಂಬುದು ಇದರಿಂದ ತಿಳಿಯುತ್ತದೆ. ನ್ಯಾಯವಾದ ವೇತನ, ಗೊತ್ತಾದ ಪಾಳಿ, ಕುಳಿತು ಉಣ್ಣಲು ಒಂದು ಜಾಗ, ಯಾವ ಅಜ್ಜಿಗೆ ಯಾವ ಮಂಚ ಸರಿಯೆಂದು ಅವಳನ್ನೂ ಕೇಳುವ ಸೌಜನ್ಯ ಇವೂ ಬೇಕು.

ಹೆತ್ತವರನ್ನು ಸೇರಿಸಲು ಬಂದವರು ಕೋಣೆಯನ್ನು ನೋಡುತ್ತಾರೆ, ಅಡುಗೆಮನೆಯನ್ನು ನೋಡುತ್ತಾರೆ, ಅಂಗಳದ ಹೂಗಿಡಗಳನ್ನು ಮೆಚ್ಚುತ್ತಾರೆ. ರಾತ್ರಿ ಎಷ್ಟು ಮಂದಿ ಎಚ್ಚರವಿರುತ್ತಾರೆ, ಅವರು ಎಷ್ಟು ವರ್ಷಗಳಿಂದ ಇಲ್ಲಿದ್ದಾರೆ ಎಂದು ಅವರು ಮೊದಲು ಕೇಳಲಿ.